ಗಾಯದ ಸೊಪ್ಪು

ಪಾಂಡವಪುರದ ಸರ್ಕಾರಿ ಆಸ್ಪತ್ರೆ, ಡ್ರೆಸ್ಸಿಂಗ್ ರೂಮು,
ಮಂಗಳವಾರ, ಇನ್ನೂ ಹತ್ತು ಗಂಟೆಯಾಗಿಲ್ಲ.
ಚಿನಕುರಳಿ ಕಡೆಯ ಹುಡುಗನೊಬ್ಬ
ಅಜ್ಜಿಯ ಸೊಂಟಕ್ಕೊರಗಿ ನಿಂತಿದ್ದಾನೆ.
ಕಬ್ಬಿನ ಮಚ್ಚು ಜಾರಿ
ಮೊಣಕಾಲ ಕೆಳಗೆ ಸೀಳಿದೆ.
ಬಾಯಿಬಿಟ್ಟ ಗಾಯದ ತುಂಬ
ಒತ್ತಿದ್ದಾರೆ ಹಸಿರು ಮುದ್ದೆ.

"ಇದೇನಿದು?" ಅಂದರು ಡಾಕ್ಟರು.
"ಸೊಪ್ಪು ಬುದ್ಧಿ, ಬದಿನಾಗಿತ್ತು."
"ತೊಳೀರಿ ಸಿಸ್ಟರ್. ಪೂರ್ತಿ ತೊಳೀರಿ."

ತೊಳೆದೆ.
ಸಲೈನು ಬಿದ್ದ ಕೂಡಲೆ
ಟ್ರೇಯಿಂದ ಎದ್ದಿತು ಆ ವಾಸನೆ:
ಕಹಿ, ಸ್ವಲ್ಪ ಮೇಕೆ, ಸ್ವಲ್ಪ ಒದ್ದೆ ಕಲ್ಲು.
ಯಾರೋ ಹೆಸರು ಹಿಡಿದು ಕೂಗಿದಂತಾಗಿ
ತಿರುಗಿ ನೋಡಿದೆ.
ಬರೀ ಸಿರಿಂಜಿನ ಡಬ್ಬ.

ಕುಂತಿಬೆಟ್ಟದ ಮೂಡಲ ಮಗ್ಗುಲಿಗೆ
ಒಂದು ಹುಲ್ಲುಗಾವಲು. ಗಾವಲೆಂದರೆ ಅಂಥದ್ದೇನಲ್ಲ,
ಎರಡು ಬಂಡೆಯ ನಡುವೆ ಮಣ್ಣು ನಿಂತಷ್ಟು ಜಾಗ.
ಅದರ ಕೆಳಗೆ ನಮ್ಮಪ್ಪ ವೆಂಕಟಬೋವಿ ಕಲ್ಲೊಡೆಯುತ್ತಿದ್ದ.
ಕಲ್ಲಿಗೆ ಹತ್ತು ಏಟು ಬಿದ್ದರೆ
ಹನ್ನೊಂದನೆಯದು ಬೆರಳಿಗೆ.
ಅವ್ವ ಓಡಿ ಬರುತ್ತಿರಲಿಲ್ಲ.
ಕೂತಲ್ಲೇ ಬಾಗಿ, ಕೈಗೆಟುಕಿದ್ದನ್ನು ಕಿತ್ತು,
ಬಾಯಿಗೆ ಹಾಕಿ ಅಗಿದು, ಉಗಿದು, ಹಚ್ಚಿ,
ಸೆರಗಿನಂಚು ಹರಿದು ಸುತ್ತಿ
ಮತ್ತೆ ಜಲ್ಲಿ ಕುಟ್ಟಲು ಕೂರುತ್ತಿದ್ದಳು.
ಸಂಜೆವರೆಗೂ ಹಲ್ಲು ಹಸಿರು.
ನಕ್ಕರೆ ನಮಗೆ ಭಯ.

ಆ ಹೂವನ್ನು ಕಾಣದವರಿಲ್ಲ.
ಗೇಣುದ್ದದ ಬರಿ ದಂಟು, ಮೈಯೆಲ್ಲ ರೋಮ,
ತುದಿಗೆ ಅರಿಶಿನದ ಒಂದು ಗುಂಡಿ,
ಸುತ್ತ ಐದೇ ಐದು ಬಿಳಿ ಎಸಳು,
ಒಂದೊಂದರ ಅಂಚೂ ಇಲಿ ಕಡಿದ ಹಾಗೆ.
ಸೇವಂತಿಗೆಯ ಕುಲವೇ, ಆದರೆ
ಮೊಳದ ಲೆಕ್ಕಕ್ಕೆ ಬಾರದ್ದು.
ಮುಡಿಯಲು ಹೋದರೆ ಜಡೆ ತಲುಪುವ ಮುಂಚೆ ಬಾಡೀತು.
ದೇವರ ಮುಂದಿಟ್ಟರೆ
ಪೂಜಾರಿ ಎರಡು ಬೆರಳಲ್ಲಿ ಎತ್ತಿ ಆಚೆ ಹಾಕಿದ.
ಊರವರು ಗಬ್ಬು ಸಾವಂತಿ ಅಂದರು.
ನಮ್ಮ ಕೇರಿಯವರು ಗಾಯದ ಸೊಪ್ಪು ಅಂದೆವು,
ಹೂವಿರುವುದನ್ನೇ ಹೆಸರಿನಿಂದ ಬಿಟ್ಟೆವು.

ಮೈಸೂರಲ್ಲಿ ನರ್ಸಿಂಗ್ ಓದುವಾಗ
ಹಾಸ್ಟೆಲಿನ ಗೋಡೆಯ ಬಿರುಕಲ್ಲೂ ಇತ್ತು.
ಪಕ್ಕದ ಕೋಣೆಯ ಸಸ್ಯಶಾಸ್ತ್ರದ ಹುಡುಗಿ ಹೇಳಿದಳು:
"ಇದು ಇಲ್ಲೀದಲ್ಲ ಕಣೇ. ಕಡಲಾಚೆಯ ಕಳೆ.
ಬೀಜಕ್ಕೆ ರೆಕ್ಕೆಯಿದೆ, ನೋಡು."
ಊದಿದಳು.
ನಮ್ಮ ಮುತ್ತಜ್ಜನೂ ಇಲ್ಲಿಯವನಲ್ಲ.
ಕನ್ನಂಬಾಡಿ ಕಟ್ಟೆಗೆ ಕಲ್ಲು ಹೊರಲು
ಎಲ್ಲಿಂದಲೋ ಹೆಂಡತಿ, ಹಾರೆ, ಕತ್ತೆ ಸಮೇತ ಬಂದವನು.
ಕಟ್ಟೆ ಮುಗಿಯಿತು, ನೀರು ನಿಂತಿತು,
ಅವನೂ ಕಲ್ಲಿದ್ದ ಕಡೆ ನಿಂತ.
ಅವಳಿಗೆ ಅದನ್ನು ಹೇಳಲಿಲ್ಲ.

ಸೊಪ್ಪನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ.
ನಾನು ಏಳನೇ ಕ್ಲಾಸಲ್ಲಿದ್ದಾಗ
ಅಪ್ಪನ ಉಂಗುರದ ಬೆರಳು ಆ ಸೊಪ್ಪಿನಡಿಯಲ್ಲೇ
ಕಪ್ಪಾಯಿತು, ಊದಿತು, ನಾರಿತು.
ಇದೇ ಆಸ್ಪತ್ರೆ, ಇದೇ ಕೋಣೆ.
ಒಂಬತ್ತು ಬೆರಳಲ್ಲಿ ಮನೆಗೆ ಬಂದು
"ಉಂಗುರದ ದುಡ್ಡು ಉಳೀತು" ಅಂದ.
ಅವ್ವ ಆ ದಿನ ನಗಲಿಲ್ಲ.
ಅದಕ್ಕೇ ತೊಳೆದೆ. ಎರಡು ಸಲ,
ಹುಡುಗ ಕಿರುಚಿದರೂ ಬಿಡದೆ.

ನಾಲ್ಕು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್ನು.
ಅಜ್ಜಿ ನನ್ನ ಕಿವಿಯ ಹತ್ತಿರ ಬಂದು
"ಸೊಪ್ಪಿಕ್ಕಿದ್ದು ತಪ್ಪಾಯ್ತಾ ಕಣವ್ವಾ?"
ಏನು ಹೇಳಲಿ.
"ರಕ್ತ ನಿಂತಿತ್ತಲ್ಲ" ಅಂದೆ.
ಅವಳಿಗೆ ಅಷ್ಟು ಸಾಕಾಯಿತು.
ನನಗೆ ಆಗಲಿಲ್ಲ.

ಟ್ರೇ ಎತ್ತಿದಾಗ
ಮುದ್ದೆಯೊಳಗೆ ಅರೆಯದೆ ಉಳಿದ ಒಂದು ಹೂ,
ನಾಲ್ಕು ಎಸಳು, ಐದನೆಯದು ಹುಡುಗನ ಜೊತೆ ಹೋಗಿರಬೇಕು.
ಹಳದಿ ಬಕೆಟ್ಟಿಗೆ ಹಾಕಬೇಕಾದ್ದು. ಹಾಕಿದೆ.

ಮಧ್ಯಾಹ್ನ ಡಬ್ಬಿ ತೆಗೆದು ಮುದ್ದೆ ಮುರಿದರೆ
ಹೆಬ್ಬೆರಳ ಉಗುರಲ್ಲಿ ಇನ್ನೂ ಹಸಿರು ಗೆರೆ,
ಸೋಪಿಗೆ ಜಗ್ಗಿಲ್ಲ.
ಅದೇ ಕೈಯಲ್ಲಿ ತಿಂದೆ.
"ಏನೇ ಒಬ್ಬಳೇ ನಗ್ತೀಯ?" ಅಂದಳು ಎದುರು ಕೂತ ಜಯಶೀಲ.
ಸೆರಗಿಲ್ಲ ಯೂನಿಫಾರ್ಮಿಗೆ,
ಅಂಗೈಯಿಂದ ಹಲ್ಲು ಮುಚ್ಚಿಕೊಂಡೆ.